ಪಂಪ್ ಸಣ್ಣದಾದರೂ ಸರಿ, ಡ್ರಮ್ ದೊಡ್ಡದಿರಲಿ

ಮಜ್ಜಿಗೆ ಹುಲ್ಲು, ನೀಲಗಿರಿ ಎಲೆ, ಗುಲಾಬಿ ಎಸಳುಗಳಿಂದ ಮನೆಯಲ್ಲೇ ಸುಗಂಧ ತೈಲ, ಪನ್ನೀರು ಇಳಿಸಲು ಹೊರಟವರು ಹಬೆ ತಣಿಸುವ ಕಂಡೆನ್ಸರಿಗೆ ಡ್ರಮ್ಮಿನಿಂದ ನೀರು ಸುತ್ತಿಸುವ ಪಂಪ್ ಕೊಳ್ಳುವಾಗ ಅಂಗಡಿಯಲ್ಲಿ ಕೇಳುವುದು, 'ಈ ಪಂಪ್ ಗಂಟೆಗೆ ಎಷ್ಟು ಲೀಟರ್ ತಳ್ಳುತ್ತೆ?' ಎಂದು. (ಸಾರಾಯಿಯ ಮಾತು ಇಲ್ಲಿ ಬೇಡ, ಪರವಾನಗಿ ಇಲ್ಲದೆ ಅದನ್ನು ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ.) ಕೇಳಬೇಕಾದ್ದು ಅದಲ್ಲ. ಒಂದು ಕಿಲೋ ಹಬೆ ನೀರಾಗುವಾಗ ಸುಮಾರು 540 ಕಿಲೋಕ್ಯಾಲರಿ ಶಾಖ ಬಿಡುತ್ತದೆ. ಕಂಡೆನ್ಸರಿನಲ್ಲಿ ಹರಿಯುವ ನೀರು ಹೊತ್ತೊಯ್ಯಬೇಕಾದ್ದು ಇದನ್ನೇ. 1,500 ವ್ಯಾಟಿನ ಹೀಟರ್ ಗಂಟೆಗೆ ಕೊಡುವ ಶಾಖ 1,290 ಕಿಲೋಕ್ಯಾಲರಿ. ಒಳಹೋಗುವ ನೀರಿಗಿಂತ ಹೊರಬರುವ ನೀರು 10 ಡಿಗ್ರಿ ಬಿಸಿಯಾಗಲಿ ಎಂದುಕೊಂಡರೂ ಗಂಟೆಗೆ 130 ಲೀಟರ್ ಹರಿದರೆ ಸಾಕು. ಏರ್ ಕೂಲರಿಗೆ ಹಾಕುವ ಇಪ್ಪತ್ತು ವ್ಯಾಟಿನ ಪುಟ್ಟ ಸಬ್‌ಮರ್ಸಿಬಲ್ ಪಂಪಿಗೂ ಇದು ದೊಡ್ಡ ಕೆಲಸವಲ್ಲ.

ಹಾಗಾದರೆ ಹೊಸ ಪಂಪ್ ತಂದ ಮೇಲೂ ಪೈಪಿನ ತುದಿಯಲ್ಲಿ ನೀರು ತೊಟ್ಟಿಕ್ಕುವುದೇಕೆ? ಡಬ್ಬಿಯ ಮೇಲಿನ ಲೀಟರ್ ಲೆಕ್ಕ ನೀರನ್ನು ಮೇಲೆತ್ತದೆ ಇದ್ದಾಗಿನದು. ಪಕ್ಕದಲ್ಲೇ 'ಹೆಡ್' ಎಂದು ಬರೆದಿರುವುದು ಗರಿಷ್ಠ ಎತ್ತರ. ಆ ಎತ್ತರದಲ್ಲಿ ಹರಿವು ಸೊನ್ನೆ. ಅಡುಗೆಕಟ್ಟೆಯ ಮೇಲೆ ಪಾತ್ರೆ, ಅದರಾಚೆ ಕಂಡೆನ್ಸರ್ ಇಟ್ಟರೆ ಅದರ ನೆತ್ತಿ ನೆಲದಿಂದ ಒಂದೂವರೆ ಮೀಟರ್ ಮೇಲಿರುತ್ತದೆ. ಕಂಡೆನ್ಸರಿಗೆ ತಣ್ಣೀರು ಕೆಳಗಿನಿಂದ ಹೊಕ್ಕು ಮೇಲಿನಿಂದ ಹೊರಬರಬೇಕಾದ್ದರಿಂದ ಆ ನೆತ್ತಿಯವರೆಗೆ ಅದು ಏರಲೇಬೇಕು. ಎತ್ತರ ಅಳೆಯುವುದು ಡ್ರಮ್ಮಿನ ತಳದಿಂದಲ್ಲ, ನೀರಿನ ಮಟ್ಟದಿಂದ. ನೀರು 60 ಸೆಂಟಿಮೀಟರ್ ನಿಂತಿದ್ದರೆ ಏರಬೇಕಾದ್ದು 90 ಸೆಂಟಿಮೀಟರ್ ಮಾತ್ರ. ಅದರ ಎರಡರಷ್ಟು ಹೆಡ್ ಇರುವ ಪಂಪ್ ಕೊಂಡರೆ ಸಪೂರ ಪೈಪಿನ ತಡೆಗೂ ಜಾಗ ಬಿಟ್ಟಂತಾಗುತ್ತದೆ.

ದೊಡ್ಡ ಪಂಪ್ ಇದ್ದರೆ ಹೆಚ್ಚು ತಂಪಲ್ಲವೇ ಎನ್ನಬಹುದು. ಸುತ್ತು ಹೊಡೆಯುವ ನೀರಿನಲ್ಲಿ ಶಾಖ ಎಲ್ಲಿಗೂ ಹೋಗುವುದಿಲ್ಲ, ಡ್ರಮ್ಮಿಗೇ ಮರಳುತ್ತದೆ. ಪಂಪ್ ಯಾವುದೇ ಇರಲಿ, ಮೇಲಿನ ಹೀಟರ್ 100 ಲೀಟರ್ ನೀರನ್ನು ಗಂಟೆಗೆ ಹೆಚ್ಚುಕಡಿಮೆ 13 ಡಿಗ್ರಿ ಏರಿಸುತ್ತದೆ. ಬೆಳಿಗ್ಗೆ 26 ಡಿಗ್ರಿ ಇದ್ದದ್ದು ಎರಡು ಗಂಟೆಯಲ್ಲಿ 50 ದಾಟಿ, ಹಬೆ ಪೂರ್ತಿ ತಣಿಯದೆ ತೈಲದ ಪರಿಮಳ ಗಾಳಿಪಾಲಾಗಬಹುದು. 200 ಲೀಟರ್ ಡ್ರಮ್ಮಾದರೆ ಏರಿಕೆ ಅರ್ಧ. ಹೆಚ್ಚಿನ ದುಡ್ಡು ಇದ್ದರೆ ಡ್ರಮ್ಮಿಗೆ ಹಾಕುವುದೇ ಲೇಸು. ನಲ್ಲಿಗೇ ಪೈಪ್ ಸಿಕ್ಕಿಸಿದರೆ ಇದ್ಯಾವ ರಗಳೆಯೂ ಇಲ್ಲ, ನಿಜ. ಆದರೆ ಗಂಟೆಗೆ 130 ಲೀಟರ್ ಚರಂಡಿಗೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ ಬೆಂಗಳೂರಿನಲ್ಲಂತೂ ಇದನ್ನು ಸಮರ್ಥಿಸುವುದು ಕಷ್ಟ.

ಪಂಪಿನ ವಿರುದ್ಧ ನಿಲ್ಲುವ ಆಕ್ಷೇಪ ಒಂದೇ: ಕರೆಂಟು. ಅದು ಹೋದರೆ ಹೀಟರ್ ತಾನೂ ನಿಲ್ಲುತ್ತದೆ, ಗ್ಯಾಸ್ ಒಲೆ ನಿಲ್ಲುವುದಿಲ್ಲ. ತಣಿಯದ ಹಬೆಯ ಜೊತೆ ಹೊತ್ತಿಕೊಳ್ಳಬಲ್ಲ ತೈಲದ ಆವಿ ಉರಿಯ ಪಕ್ಕಕ್ಕೇ ಬರುತ್ತದೆ. ಗ್ಯಾಸ್ ಬಳಸುವವರು ಒಲೆ ಬಿಟ್ಟು ಏಳಬಾರದು. ಇಲ್ಲವೇ ಪಂಪನ್ನೇ ಬಿಟ್ಟು ಮಾಳಿಗೆಯ ಟ್ಯಾಂಕಿನಿಂದ ನೀರು ಇಳಿಬಿಟ್ಟು, ಕೆಳಗೆ ಡ್ರಮ್ಮಿನಲ್ಲಿ ಹಿಡಿದುಕೊಳ್ಳಬೇಕು.