‘ಆದರೆ’ ಎಲ್ಲಿ ನಿಲ್ಲಬೇಕು?

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿಗೆ ಸೇರಿದ ಮಾಗಡಿ ಗ್ರಾಮದ ಕೆರೆಯು ನೀರಾವರಿಗೆಂದು ಕಟ್ಟಿದ, ಸುಮಾರು 50 ಹೆಕ್ಟೇರು ವಿಸ್ತಾರದ ಸಾಧಾರಣ ಜಲಾಶಯ. ಆದರೆ ಮಂಗೋಲಿಯ ಮತ್ತು ಟಿಬೆಟ್ಟಿನ ಶೀತಪ್ರದೇಶಗಳಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲದಲ್ಲಿಯೂ ಸಹಸ್ರಸಂಖ್ಯೆಯಲ್ಲಿ ಇಲ್ಲಿ ಬೀಡುಬಿಡುವುದರಿಂದ, 2024ರಲ್ಲಿ ಅದಕ್ಕೆ ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಈ ಎರಡು ವಾಕ್ಯಗಳ ನಡುವೆ ನಿಂತಿರುವ ‘ಆದರೆ’ಯನ್ನು ವಾಚಕರು ಗಮನಿಸದೆಯೇ ದಾಟಿ ಬಂದಿರಬಹುದು. ಇದೇ ಮಾತನ್ನು ಹಿಂದುಮುಂದಾಗಿಸಿ, “ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ, ಆದರೆ ಕೆರೆ ಚಿಕ್ಕದು” ಎಂದು ನೋಡಿರಿ. ಸಂಗತಿಗಳೆರಡೂ ಅವೇ, ಕೇಳಿದವನ ಮನಸ್ಸು ಮಾತ್ರ ಬೇರೊಂದು ದಿಕ್ಕಿಗೆ ಹೊರಳುತ್ತದೆ. ಮೊದಲನೆಯದು ಊರಿನ ಹೆಮ್ಮೆಯ ಮಾತು. ಎರಡನೆಯದು ಕೆರೆಯ ಹೂಳೆತ್ತಿಸಿಕೊಡಿರೆಂಬ ಅರ್ಜಿಯ ಪೀಠಿಕೆ.

ಪರಸ್ಪರ ಒಪ್ಪದ ಎರಡು ಸಂಗತಿಗಳು ಎದುರೆದುರು ನಿಂತಾಗ, ಮಾತನಾಡುವವನು ಯಾವುದರ ಪಕ್ಷ ವಹಿಸಿದ್ದಾನೆಂಬುದನ್ನು ತಿಳಿಸುವುದೇ ವಿರೋಧಸೂಚಕ ಪದಗಳ ಮುಖ್ಯ ಕಾರ್ಯ. ಈ ಕಾರ್ಯವನ್ನು ಇಂಗ್ಲಿಷ್ ಭಾಷಿಕರು ಒಂದು ಬಗೆಯಲ್ಲಿ ಸಾಧಿಸುತ್ತಾರೆ, ನಾವು ಇನ್ನೊಂದು ಬಗೆಯಲ್ಲಿ ಸಾಧಿಸುತ್ತೇವೆ. ಕನ್ನಡ ಶಾಲೆಯಲ್ಲಿ ಓದುವ ಜಾಣ ವಿದ್ಯಾರ್ಥಿಯೂ ಇಂಗ್ಲಿಷ್ ವಾಕ್ಯರಚನೆಯಲ್ಲಿ ಎಡವುವ ಸ್ಥಳ ಇದೇ ಆಗಿರುವುದರಿಂದ, ಈ ಭೇದವನ್ನು ಕೊಂಚ ಸಾವಧಾನವಾಗಿ ವಿಚಾರಿಸುವುದು ಯುಕ್ತವಾಗಿದೆ.

ಇಂಗ್ಲಿಷಿನಲ್ಲಿ ಈ ಪದಗಳು ಪ್ರಧಾನವಾಗಿ ಮೂರು ವರ್ಗಗಳಲ್ಲಿ ಹಂಚಿಹೋಗಿವೆ. ‘ಬಟ್’, ‘ಯೆಟ್’ ಎಂಬ ಸಮುಚ್ಚಯಪದಗಳು ಎರಡು ವಾಕ್ಯಗಳನ್ನು ಸಮಾನಸ್ಕಂಧರಂತೆ ಪಕ್ಕಪಕ್ಕದಲ್ಲಿ ನಿಲ್ಲಿಸಿ, ಬಲವನ್ನು ತಮ್ಮ ಮುಂದಣ ವಾಕ್ಯಕ್ಕೆ ಕೊಡುತ್ತವೆ. ‘ದೋ’, ‘ಆಲ್‌ದೋ’ ಎಂಬುವು ಎರಡರಲ್ಲೊಂದನ್ನು ಅಧೀನವಾಕ್ಯವನ್ನಾಗಿ ಮಾಡಿ, ‘ಇದು ನಿಜವೆಂದು ಒಪ್ಪಿದ್ದೇನೆ, ಆದರೂ ಇದರಿಂದ ನನ್ನ ನಿರ್ಣಯ ಬದಲಾಗದು’ ಎಂಬ ಭಾವವನ್ನು ಅದಕ್ಕೆ ಹಚ್ಚುತ್ತವೆ. ಹೀಗೆ ಅಧೀನವಾದ ವಾಕ್ಯವು ಮೊದಲಲ್ಲಿ ಬರಲಿ, ಕೊನೆಯಲ್ಲಿ ಬರಲಿ, ಅದರ ಸ್ಥಾನ ಕೆಳಗೇ. ಮೂರನೆಯದು ‘ಹೌಎವರ್’, ‘ನೆವರ್‌ದಲೆಸ್’, ‘ಸ್ಟಿಲ್’ ಮೊದಲಾದ ಕ್ರಿಯಾವಿಶೇಷಣಗಳ ವರ್ಗ. ಇವಕ್ಕೆ ವಾಕ್ಯಗಳನ್ನು ಬೆಸೆಯುವ ಶಕ್ತಿಯಿಲ್ಲ. ಹಿಂದಿನ ವಾಕ್ಯವು ಪೂರ್ಣವಿರಾಮದಿಂದಾಗಲಿ ಅರ್ಧವಿರಾಮದಿಂದಾಗಲಿ ಮುಗಿದ ಮೇಲೆ, ಇವು ಹೊಸ ವಾಕ್ಯವನ್ನು ಹೊಕ್ಕು, ಹಿಂದೆ ಹೇಳಿದ್ದಕ್ಕೂ ಈಗ ಹೇಳುವುದಕ್ಕೂ ಇರುವ ವಿರೋಧವನ್ನು ನೆನಪಿಸುತ್ತವೆ. ‘ಹೌಎವರ್’ ಪದದ ಹಿಂದೆ ಬರಿಯ ಅಲ್ಪವಿರಾಮವನ್ನಿಟ್ಟು ಎರಡು ಪೂರ್ಣವಾಕ್ಯಗಳನ್ನು ಕೂಡಿಸಿದರೆ ಪರೀಕ್ಷಕರು ಕೆಂಪು ಗೆರೆ ಎಳೆಯುವುದು ಈ ಕಾರಣದಿಂದಲೇ.

ಈ ಮೂರರ ನಡುವೆ ಆಯ್ಕೆಯು ವ್ಯಾಕರಣದಿಂದ ಮಾತ್ರವೇ ನಿರ್ಣಯವಾಗುವಂಥದ್ದಲ್ಲ. ‘ಬಟ್’ ಮನೆಮಾತಿನದು, ಬೀದಿಯದು, ಬೈಬಲ್ಲಿನದೂ ಹೌದು; ವಾಕ್ಯವನ್ನು ಅದರಿಂದ ಆರಂಭಿಸಬಾರದೆಂದು ಶಾಲಾಮಾಸ್ತರರು ಎಷ್ಟು ಕಟ್ಟುನಿಟ್ಟಾಗಿ ಹೇಳಿದರೂ, 1611ರಲ್ಲಿ ಪ್ರಕಟವಾದ ಪ್ರಸಿದ್ಧ ಇಂಗ್ಲಿಷ್ ಬೈಬಲ್ಲಿನಲ್ಲಿ ಹಾಗೆ ಆರಂಭವಾಗುವ ವಾಕ್ಯಗಳು ಹೇರಳವಾಗಿವೆ. ‘ಹೌಎವರ್’ ಕಚೇರಿಯ ಪತ್ರಕ್ಕೂ ಪ್ರಬಂಧಕ್ಕೂ ಒಪ್ಪುವ ಪದ. ‘ನೆವರ್‌ದಲೆಸ್’ ಇನ್ನೂ ಗಂಭೀರ. ಗೆಳೆಯರೊಡನೆ ಹರಟುವಾಗಲಾದರೋ ಇಂಗ್ಲಿಷರು ಮಾತನ್ನೆಲ್ಲ ಆಡಿ ಮುಗಿಸಿ, ತುದಿಯಲ್ಲಿ ಮೆಲ್ಲಗೆ ಒಂದು ‘ದೋ’ ಸೇರಿಸಿ, ಹಿಂದೆ ಆಡಿದ್ದರ ಕಾವನ್ನು ಅರ್ಧ ತಗ್ಗಿಸಿಬಿಡುತ್ತಾರೆ.

ಇನ್ನು ‘ಡಿಸ್ಪೈಟ್’ ಮತ್ತು ‘ಇನ್ ಸ್ಪೈಟ್ ಆಫ್’ ಎಂಬುವು ವಾಕ್ಯವನ್ನು ಸಹಿಸದೆ ನಾಮಪದವನ್ನೋ ಕ್ರಿಯಾನಾಮವನ್ನೋ ಬೇಡುವ ಪದಗಳು. ಅರ್ಥ ಒಂದೇ ಆದುದರಿಂದ ಇವೆರಡನ್ನೂ ಬೆರಸಿ ‘ಡಿಸ್ಪೈಟ್ ಆಫ್’ ಎಂದು ಬರೆಯುವವರು ಬಹಳ; ಆ ‘ಆಫ್’ ಎರಡನೆಯದರ ಸ್ವತ್ತು, ಮೊದಲನೆಯದಕ್ಕೆ ಸಲ್ಲದು.

ಇದಕ್ಕಿಂತ ದೊಡ್ಡ ತೊಡಕು ಬೇರೊಂದಿದೆ. “ಮಳೆ ಬಂದರೂ ಕೆರೆ ತುಂಬಲಿಲ್ಲ” ಎಂಬುದನ್ನು ಇಂಗ್ಲಿಷಿಗೆ ತಿರುಗಿಸೆಂದು ಹೇಳಿದರೆ, ವಿದ್ಯಾರ್ಥಿಯು “ಆಲ್‌ದೋ ಇಟ್ ರೇನ್ಡ್, ಬಟ್ ದ ಟ್ಯಾಂಕ್ ಡಿಡ್ ನಾಟ್ ಫಿಲ್” ಎಂದು ಬರೆಯುತ್ತಾನೆ. ಇಂಗ್ಲಿಷಿಗೆ ಇದು ದೋಷ: ಮೊದಲನೆಯ ವಾಕ್ಯವನ್ನು ‘ಆಲ್‌ದೋ’ ಒಮ್ಮೆ ಅಧೀನಗೊಳಿಸಿದ ಮೇಲೆ, ಸಮಾನರನ್ನು ಜೋಡಿಸುವ ‘ಬಟ್’ ಪದಕ್ಕೆ ಅಲ್ಲಿ ಉದ್ಯೋಗವೇ ಇಲ್ಲ. ಕನ್ನಡದ ಕಿವಿಗೆ ಮಾತ್ರ ಈ ದೋಷವು ಸುಲಭವಾಗಿ ಕೇಳಿಸುವುದಿಲ್ಲ. ಕಾರಣ, ನಮ್ಮಲ್ಲಿ ಈ ಅಧೀನತೆಯನ್ನು ಸಾರುವುದಕ್ಕೆ ವಾಕ್ಯದ ತಲೆಯ ಮೇಲೆ ನಿಲ್ಲುವ ಪದವೇ ಇಲ್ಲ, ಕ್ರಿಯಾಪದದ ಬಾಲಕ್ಕೆ ಅಂಟಿದ ಒಂದು ದೀರ್ಘಸ್ವರವಿದೆ. ‘ಬಂದರೆ’ ಎಂಬುದು ನಿಬಂಧನೆ. ಅದರ ಕೊನೆಯಲ್ಲಿ ‘ಊ’ ಸೇರಿ ‘ಬಂದರೂ’ ಆದೊಡನೆ ಅದು ವಿರೋಧ. ‘ಆದರೆ’ ಎಂಬ ಅವ್ಯಯ ಕೂಡ ಮೂಲತಃ ‘ಆಗು’ ಧಾತುವಿನ ನಿಬಂಧನಾರೂಪವೇ. ‘ಆದರೂ’ ಅದರ ಮುಂದಣ ಹೆಜ್ಜೆ. ಇಷ್ಟು ಹಗುರಾದ ಗುರುತು ಸಾಲದೆಂದೆನಿಸಿ, ವಿದ್ಯಾರ್ಥಿಯು ಇಂಗ್ಲಿಷಿಗೆ ಬಂದಾಗ ಒಂದು ವಿರೋಧಕ್ಕೆ ಎರಡು ಕಾವಲುಗಾರರನ್ನು ನಿಲ್ಲಿಸುತ್ತಾನೆ.

ಈ ರಚನೆಯು ನಿನ್ನೆಮೊನ್ನೆಯದಲ್ಲ. ಮಾಗಡಿಗೆ ನೆರೆಯ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜತೆಗೆ ಈ ಊರನ್ನೂ ಎಣಿಸಿತು. 941ರಲ್ಲಿ ‘ವಿಕ್ರಮಾರ್ಜುನವಿಜಯ’ವನ್ನು ಮುಗಿಸಿದ ಪಂಪನು ತನ್ನ ಕೃತಿಯ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಅಭಿಮಾನದಿಂದ ಸಾರಿಕೊಂಡನು. ಆ ಹಳಗನ್ನಡದಲ್ಲಿ ‘ಬಂದೊಡೆ’ ಎಂದರೆ ನಿಬಂಧನೆ, ‘ಬಂದೊಡಂ’ ಎಂದರೆ ವಿರೋಧ. ಸಾವಿರ ವರ್ಷಗಳಲ್ಲಿ ಧ್ವನಿ ಸವೆದಿದೆ, ‘ಒಡೆ’ ‘ಅರೆ’ಯಾಗಿದೆ, ಕೊನೆಯಲ್ಲೊಂದು ಪ್ರತ್ಯಯ ಹಚ್ಚಿ ಮಾತಿನ ದಿಕ್ಕನ್ನೇ ತಿರುಗಿಸುವ ಉಪಾಯ ಮಾತ್ರ ಇಂದಿಗೂ ಅಚ್ಚಳಿಯದೆ ಉಳಿದಿದೆ.

ಶಿರಹಟ್ಟಿ, ಮುಂಡರಗಿಗಳ ಆಡುಮಾತಿನಲ್ಲಿಯಾದರೋ ಇನ್ನೂ ಒಂದು ಸೊಗಸಾದ ಮಾರ್ಗವುಂಟು. ಚಳಿಗಾಲದ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯುವುದನ್ನು ಕಂಡ ರೈತನೊಬ್ಬನು, “ಹಕ್ಕಿ ಪೀಕ ತಿಂತಾವ ಖರೆ, ಹೊಡದ ಓಡ್ಸಾಕ ಮನಸ ಬರೂದಿಲ್ಲ ನೋಡ್ರಿ” ಎಂದನೆನ್ನೋಣ. ‘ಖರೆ’ ಎಂದರೆ ನಿಜ. ಎದುರಿನವನ ಆಕ್ಷೇಪಣೆಯನ್ನು ಮೊದಲು ನಿಜವೆಂದು ಒಪ್ಪಿ, ಅವನ ಕೈಯಲ್ಲಿದ್ದ ಅಸ್ತ್ರವನ್ನು ಆ ಒಪ್ಪಿಗೆಯಿಂದಲೇ ಇಳಿಸಿ, ಆಮೇಲೆ ತನ್ನ ಮಾತನ್ನು ಹೂಡುವ ಈ ಸೌಜನ್ಯದಲ್ಲಿ ‘ಆದರೆ’ಯ ಅಗತ್ಯವೇ ಬೀಳುವುದಿಲ್ಲ. ಗ್ರಾಂಥಿಕ ಕನ್ನಡದಲ್ಲಿ ಇದೇ ಕೆಲಸವನ್ನು ‘ಏನೋ’ ಮಾಡುತ್ತದೆ. “ಮಳೆಯೇನೋ ಬಂತು” ಎಂದು ಹೇಳಿ ಸುಮ್ಮನಾದರೂ, ಮುಂದೆ ಬರುವ ನಿರಾಶೆ ಕೇಳುಗನಿಗೆ ಆಗಲೇ ತಿಳಿದಿರುತ್ತದೆ.

ವಿರೋಧವೆಲ್ಲವೂ ಜಗಳವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಇಂಗ್ಲಿಷಿನ ‘ವೈಲ್’, ‘ವೇರ್‌ಆಸ್’ ಪದಗಳು ಎರಡು ಸಂಗತಿಗಳನ್ನು ಸೋಲುಗೆಲುವಿಲ್ಲದೆ ಕೇವಲ ತುಲನೆಗಾಗಿ ಎದುರುಬದುರು ಕೂರಿಸುತ್ತವೆ. ಇವುಗಳ ಪೈಕಿ ‘ವೈಲ್’ ಮೊದಲು ಕಾಲವಾಚಕವಾಗಿದ್ದು, ಒಂದೇ ಹೊತ್ತಿನಲ್ಲಿ ನಡೆವ ಎರಡು ಕಾರ್ಯಗಳನ್ನು ಹೇಳುತ್ತ ಹೇಳುತ್ತಲೇ ಭೇದವಾಚಕವೂ ಆಯಿತು. ‘ಸ್ಟಿಲ್’, ‘ಯೆಟ್’ ಪದಗಳೂ ಕಾಲವಾಚಕತ್ವದಿಂದ ವಿರೋಧಕ್ಕೆ ಬಂದವೇ. ಕನ್ನಡವು ಇಂಥ ತುಲನೆಗೆ ಮತ್ತೆ ನಿಬಂಧನೆಯ ರೂಪವನ್ನೇ ಎರವಲು ಪಡೆಯುತ್ತದೆ: “ಗದಗಿನಲ್ಲಿ ಮಳೆಯಾದರೆ ಶಿರಹಟ್ಟಿಯಲ್ಲಿ ಬಿಸಿಲು.” ಇಲ್ಲಿ ‘ಆದರೆ’ಯಲ್ಲಿ ಶರತ್ತೇನೂ ಇಲ್ಲ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡುವ ದೃಷ್ಟಿಯಷ್ಟೇ ಇದೆ. ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ‘ಇಫ್’ ಎಂದು ಬರೆದವನು, ಶಿರಹಟ್ಟಿಯ ಬಿಸಿಲಿಗೆ ಗದಗಿನ ಮಳೆಯನ್ನು ಕಾರಣವಾಗಿಸಿಬಿಡುತ್ತಾನೆ.

ಎಡವುವುದು ಒಂದೇ ಕಡೆಯಿಂದಲ್ಲ. ಇಂಗ್ಲಿಷಿನಿಂದ ಅನುವಾದವಾದ ಸರಕಾರಿ ಸುತ್ತೋಲೆಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ‘ಹೌಎವರ್’ ಕಂಡಲ್ಲೆಲ್ಲ ವಾಕ್ಯದ ನೆತ್ತಿಯ ಮೇಲೆ ‘ಆದಾಗ್ಯೂ’ ಎಂದು ಮುದ್ರಿಸುವ ಪದ್ಧತಿ ಬಲಿತಿದೆ. ಪದವು ಅಶುದ್ಧವಲ್ಲ, ಆದರೆ ‘ಬಂದರೂ’, ‘ಇದ್ದರೂ’ ಎಂದು ಹಿಂದಿನ ಕ್ರಿಯಾಪದದಲ್ಲಿಯೇ ಮುಗಿಯಬಹುದಾಗಿದ್ದ ಕೆಲಸಕ್ಕೆ ಒಂದು ಹೊಸ ವಾಕ್ಯವನ್ನೂ ಒಂದು ಭಾರವಾದ ಪದವನ್ನೂ ವ್ಯಯಿಸುವುದು ನಮ್ಮ ಭಾಷೆಯ ಜಾಯಮಾನಕ್ಕೆ ಹೊಂದದು.

ಆದುದರಿಂದ ಮಾಗಡಿಯ ಶಾಲೆಯಲ್ಲಿಯಾಗಲಿ ಬೆಂಗಳೂರಿನ ಕಾಲೇಜಿನಲ್ಲಿಯಾಗಲಿ ಇಂಗ್ಲಿಷನ್ನು ಕಲಿಸುವವರು, ವಿರೋಧಸೂಚಕ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕೆ ಮುಂಚೆ, ಎರಡು ಸಂಗತಿಗಳನ್ನು ಹಲಗೆಯ ಮೇಲೆ ಬರೆದು, ‘ಇವುಗಳಲ್ಲಿ ನಿನಗೆ ಬೇಕಾದದ್ದು ಯಾವುದು?’ ಎಂದು ಕೇಳುವುದು ಲೇಸು. ಬೇಕಾದದ್ದು ‘ಬಟ್’ ಮುಂದೆ ನಿಲ್ಲಲಿ, ಒಪ್ಪಿ ಬಿಟ್ಟುಕೊಟ್ಟದ್ದು ‘ದೋ’ ಕೆಳಗೆ ಇರಲಿ, ಯಾವುದನ್ನೂ ಬಿಟ್ಟುಕೊಡಲಾರದವನು ‘ವೇರ್‌ಆಸ್’ ಹಿಡಿಯಲಿ. ಉತ್ತರವು ಮೊದಲು ಕನ್ನಡದಲ್ಲಿಯೇ ಸ್ಪಷ್ಟವಾದರೆ ಇಂಗ್ಲಿಷಿನ ಪದವನ್ನು ಆರಿಸುವುದು ಕಷ್ಟವಲ್ಲ. ತನ್ನ ಪಕ್ಷ ಯಾವುದೆಂದು ತಾನೇ ನಿಶ್ಚಯಿಸದವನಿಗೆ ಯಾವ ಭಾಷೆಯ ಅವ್ಯಯವೂ ನೆರವಾಗಲಾರದು.