ನಮ್ಮ ಮಗಳು ವಂಶವಾಹಿ ವಿಜ್ಞಾನ ಓದಬಾರದೇಕೆ?

ಬಿ.ಎಸ್ಸಿ. ಮುಗಿಸಿದ ಮಗಳು, "ಅಮ್ಮೀ, ನಾನು ಜೆನೆಟಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡುತ್ತೇನೆ" ಎಂದರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಪ್ರಶ್ನೆಗಳು ಏಳುತ್ತವೆ. ಅದೆಂಥ ವಿದ್ಯೆ, ಅದರಿಂದ ಏನು ಪ್ರಯೋಜನ? ಅಲ್ಲಿ ವಿಕಾಸವಾದ ಕಲಿಸುತ್ತಾರಂತೆ, ಈಮಾನಿಗೆ ಧಕ್ಕೆಯಾಗದೇ? ಎಲೆಕ್ಟ್ರಾನಿಕ್ ಸಿಟಿಯಷ್ಟು ದೂರ ಹೆಣ್ಣು ಮಗಳನ್ನು ಕಳಿಸುವುದು ಹೇಗೆ?

ಸಹೋದರಿಯರೇ, ಈ ಪ್ರಶ್ನೆಗಳನ್ನು ಕೇಳುವುದು ತಪ್ಪಲ್ಲ. ಮಗಳ ಹಿತ ಬಯಸುವ ತಂದೆ-ತಾಯಿ ಕೇಳಲೇಬೇಕು. ಆದರೆ ಉತ್ತರ ಹುಡುಕುವ ಮೊದಲೇ "ಬಿ.ಎಡ್. ಮಾಡು, ಅಷ್ಟು ಸಾಕು" ಎಂದು ಬಾಗಿಲು ಮುಚ್ಚಿಬಿಟ್ಟರೆ ಅದು ಮಗಳಿಗೂ ಅನ್ಯಾಯ, ಸಮುದಾಯಕ್ಕೂ ನಷ್ಟ. ಹೇಗೆಂದು ನೋಡೋಣ.

ಬೇವಿನ ಮರದ ಪುಸ್ತಕ

ಎಲೆಕ್ಟ್ರಾನಿಕ್ ಸಿಟಿ ಎಂದೊಡನೆ ನಮಗೆ ನೆನಪಾಗುವುದು ಸಾಫ್ಟ್‌ವೇರ್ ಕಂಪೆನಿಗಳು. ಅದೇ ಬಡಾವಣೆಯ ಮೊದಲನೇ ಹಂತದಲ್ಲಿ ಬಯೋಟೆಕ್ ಪಾರ್ಕ್ ಕೂಡ ಇದೆ ಎಂಬುದು ಅನೇಕರಿಗೆ ತಿಳಿಯದು. 2001ರಲ್ಲಿ ಕರ್ನಾಟಕ ಸರ್ಕಾರ ಮತ್ತು ಐ.ಸಿ.ಐ.ಸಿ.ಐ. ಸೇರಿ ಕಟ್ಟಿದ 'ಐ.ಬಿ.ಎ.ಬಿ.' ಎಂಬ ವಿದ್ಯಾಸಂಸ್ಥೆ ಮೊದಲು ವೈಟ್‌ಫೀಲ್ಡ್‌ನ ಐ.ಟಿ.ಪಿ.ಎಲ್.ನಲ್ಲಿತ್ತು, ಬಳಿಕ ಈ ಪಾರ್ಕಿಗೆ ಬಂತು. ಸರ್ಕಾರದ ಬೆಂಬಲದಿಂದಲೇ ಬೆಳೆದ 'ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್' ಕೂಡ ಇಲ್ಲಿಯೇ ನೆಲೆಯೂರಿತು. ಮೊದಲನೆಯದು ಜೀವಶಾಸ್ತ್ರವನ್ನು ಕಂಪ್ಯೂಟರಿನೊಂದಿಗೆ ಬೆಸೆದು ಕಲಿಸಿದರೆ, ಎರಡನೆಯದು ಮನುಷ್ಯರ ಅನುವಂಶಿಕ ಕಾಯಿಲೆಗಳ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿ ಆರಂಭಿಸಿತು.

ನಮ್ಮ ಹಿತ್ತಿಲ ಬೇವಿನ ಮರದ ಜೀನೋಮನ್ನು 2011ರಲ್ಲಿ ಓದಿ ಬಿಡಿಸಿದ್ದು ಇದೇ ಪಾರ್ಕಿನ 'ಗಣಿತ್ ಲ್ಯಾಬ್ಸ್'. ಬೇವಿನಲ್ಲಿ ಸುಮಾರು 20,000 ವಂಶವಾಹಿಗಳಿವೆ ಎಂದು ಅವರು ಅಂದಾಜಿಸಿದರು. ಅಜ್ಜಿಯಂದಿರು ಸಿಡುಬು ಎದ್ದವರ ಹಾಸಿಗೆಗೆ ಹಾಸುತ್ತಿದ್ದ ಅದೇ ಎಲೆಯ ಕಹಿ ಎಲ್ಲಿಂದ ಬರುತ್ತದೆಂದು ಹುಡುಕುವುದು ಈ ವಿದ್ಯೆಯ ಒಂದು ಕೆಲಸ.

ಏನಿದು ಜೀನೋಮ್?

ನಮ್ಮ ದೇಹದ ಬಹುತೇಕ ಪ್ರತಿಯೊಂದು ಜೀವಕೋಶದಲ್ಲೂ ಒಂದು ಬರಹವಿದೆ. ಅದರ ಹೆಸರು ಡಿ.ಎನ್.ಎ. ಅದರ ಲಿಪಿಯಲ್ಲಿ ಇರುವುದು ನಾಲ್ಕೇ ಅಕ್ಷರ. ತಂದೆಯಿಂದ ಬಂದ ಒಂದು ಪ್ರತಿಯಲ್ಲೇ ಸುಮಾರು 300 ಕೋಟಿ ಅಕ್ಷರಗಳು, ತಾಯಿಯಿಂದ ಬಂದ ಪ್ರತಿಯಲ್ಲೂ ಅಷ್ಟೇ. ಈ ಬರಹವೆಲ್ಲ 46 ವರ್ಣತಂತುಗಳಲ್ಲಿ ಸುತ್ತಿಟ್ಟಿದೆ. ಇಡೀ ಬರಹ ಜೀನೋಮ್. ಅದರಲ್ಲಿ ಒಂದೊಂದು ಕೆಲಸದ ಸೂಚನೆ ಇರುವ ಭಾಗ ಜೀನ್, ಅಂದರೆ ವಂಶವಾಹಿ.

1990ರಲ್ಲಿ ಶುರುವಾದ ಮಾನವ ಜೀನೋಮ್ ಯೋಜನೆ 2003ರಲ್ಲಿ ಮುಗಿಯಿತು. ಆಗ ಉಳಿದುಹೋಗಿದ್ದ ತುಣುಕುಗಳನ್ನೂ ಸೇರಿಸಿ ಪೂರ್ಣ ಬರಹ ಪ್ರಕಟವಾದದ್ದು 2022ರಲ್ಲಿ. ನಮ್ಮ ದೇಶದ್ದೇ ಆದ 'ಜೀನೋಮ್ ಇಂಡಿಯಾ' ಯೋಜನೆ 2020ರಲ್ಲಿ ಆರಂಭವಾಯಿತು. ಅದರ ಮುಂದಾಳತ್ವ ವಹಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. 83 ಜನಸಮುದಾಯಗಳ ಸುಮಾರು 10,000 ಮಂದಿಯ ಜೀನೋಮ್ ಓದಿ, 2025ರ ಜನವರಿಯಲ್ಲಿ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಡಲಾಯಿತು.

ಇಷ್ಟು ಅಕ್ಷರಗಳನ್ನು ಬರಿಗಣ್ಣಿನಿಂದ ಓದಲಾದೀತೇ? ಆದ್ದರಿಂದಲೇ ಈ ವಿದ್ಯಾರ್ಥಿನಿಯ ದಿನದ ಹೆಚ್ಚಿನ ಹೊತ್ತು ಕಂಪ್ಯೂಟರಿನ ಮುಂದೆ ಕಳೆಯುತ್ತದೆ. ಸಂಖ್ಯಾಶಾಸ್ತ್ರ ಬರಬೇಕು, ಪ್ರೋಗ್ರಾಮಿಂಗ್ ಕಲಿಯಬೇಕು. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ತೆಗೆದುಕೊಂಡವಳು ಗಣಿತವನ್ನೂ ಕೈಬಿಡದಿದ್ದರೆ ಒಳ್ಳೆಯದು.

ಇದು ನಮ್ಮ ಮನೆಯದೇ ವಿಷಯ

ಇನ್ನು ಪ್ರಯೋಜನದ ಮಾತು. ಥಲಸ್ಸೀಮಿಯಾ ಎಂಬ ಕಾಯಿಲೆಯ ಹೆಸರು ನೀವು ಕೇಳಿರಬಹುದು. ಹುಟ್ಟುವಾಗ ಮಗು ಗುಂಡು ಗುಂಡಾಗಿರುತ್ತದೆ. ಕೆಲವು ತಿಂಗಳು ಕಳೆಯುತ್ತಲೇ ಬಿಳಿಚಿಕೊಳ್ಳುತ್ತದೆ, ಹಾಲು ಕುಡಿಯದು, ಬೆಳೆಯದು. ರಕ್ತದ ಕೆಂಪು ಅಂಶವನ್ನು ತಯಾರಿಸುವ ಸೂಚನೆಯೇ ಕೆಟ್ಟಿರುವುದರಿಂದ ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಕೊಡಿಸಿದ ರಕ್ತದಿಂದ ಕಬ್ಬಿಣದಂಶ ಹೃದಯ, ಯಕೃತ್ತುಗಳಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಇಳಿಸಲು ಮತ್ತೆ ಔಷಧ. ಆ ತಾಯಿಯ ಪಾಡು ಅಲ್ಲಾಹನೇ ಬಲ್ಲ.

ಈ ಮಗುವಿನ ತಂದೆ-ತಾಯಿ ಇಬ್ಬರೂ ಆರೋಗ್ಯವಂತರೇ! ಬಹುತೇಕ ಪ್ರತಿ ವಂಶವಾಹಿಯೂ ನಮ್ಮಲ್ಲಿ ಎರಡು ಪ್ರತಿಯಲ್ಲಿರುತ್ತದೆ. ಒಂದು ಕೆಟ್ಟರೂ ಇನ್ನೊಂದು ಕೆಲಸ ಸಾಗಿಸುತ್ತದೆ. ಇಂಥವರನ್ನು ವಾಹಕರು ಎನ್ನುತ್ತಾರೆ. ವಾಹಕ ಗಂಡಿಗೆ ವಾಹಕ ಹೆಣ್ಣು ಜೊತೆಯಾದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗು ಕಾಯಿಲೆಯದಾದರೆ ಮುಂದಿನ ಮೂರು ಸುರಕ್ಷಿತ ಎಂದು ಇದರ ಅರ್ಥವಲ್ಲ. ಲೆಕ್ಕ ಪ್ರತಿ ಸಲವೂ ಹೊಸದು.

ರಕ್ತಸಂಬಂಧದ ಮದುವೆಯ ಪ್ರಶ್ನೆ ಬರುವುದು ಇಲ್ಲಿಯೇ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿ ನವಜಾತ ಶಿಶುಗಳ ಪರೀಕ್ಷೆ ನಡೆಸಿದಾಗ, ಸುಮಾರು ಮೂರನೇ ಒಂದು ಭಾಗದಷ್ಟು ದಂಪತಿಗಳು ರಕ್ತಸಂಬಂಧಿಗಳೆಂದು ತಿಳಿದುಬಂತು. ಇದು ಕೇವಲ ಮುಸ್ಲಿಮರ ರೂಢಿಯಲ್ಲ. ಹಿಂದೂ ಕುಟುಂಬಗಳಲ್ಲಿ ಸೋದರಮಾವನಿಗೆ ಕೊಡುವ ವಾಡಿಕೆಯಿತ್ತು, ನಮ್ಮಲ್ಲಿ ಚಿಕ್ಕಪ್ಪ, ಮಾವ, ಖಾಲಾರ ಮಕ್ಕಳ ನಡುವೆ. ಇಬ್ಬರು ಒಂದೇ ಅಜ್ಜ-ಅಜ್ಜಿಯ ಮೊಮ್ಮಕ್ಕಳಾದಾಗ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಅಡಗಿರುವ ಸಾಧ್ಯತೆ ಹೆಚ್ಚು. ಸಂಬಂಧವಿಲ್ಲದ ದಂಪತಿಗಳ ಮಕ್ಕಳಲ್ಲಿ ಗಂಭೀರ ಹುಟ್ಟುದೋಷ ನೂರಕ್ಕೆ 2-3 ಇದ್ದರೆ, ಹೀಗೆ ಮದುವೆಯಾದವರ ಮಕ್ಕಳಲ್ಲಿ ಅದು 4ರಿಂದ 6. ಅಂದರೆ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಅಪಾಯ ಇಮ್ಮಡಿ. ಇಸ್ಲಾಮ್ ಇಂಥ ಮದುವೆಗೆ ಅನುಮತಿ ಕೊಟ್ಟಿದೆ, ಆಜ್ಞೆ ಮಾಡಿಲ್ಲ. ಅನುಮತಿಯಿರುವ ವಿಷಯದಲ್ಲಿ ವಿವೇಕ ಬಳಸುವುದು ನಮ್ಮ ಹೊಣೆ. ಸೌದಿ ಅರೇಬಿಯಾ 2004ರಿಂದಲೇ ನಿಕಾಹ್‌ಗೆ ಮುನ್ನ ರಕ್ತಪರೀಕ್ಷೆಯನ್ನು ಕಡ್ಡಾಯ ಮಾಡಿತು. ಫಲಿತಾಂಶ ತಿಳಿದ ಮೇಲೆ ಮದುವೆಯಾಗುವುದೋ ಬಿಡುವುದೋ ಆ ಇಬ್ಬರಿಗೆ ಬಿಟ್ಟದ್ದು.

ದೋಷ ಯಾರದು?

ಕಾಯಿಲೆಯ ಮಗು ಹುಟ್ಟಿದರೆ ನಮ್ಮ ಮನೆಗಳಲ್ಲಿ ಬೆರಳು ತಿರುಗುವುದು ಸೊಸೆಯ ಕಡೆಗೆ. "ಅವಳ ಕಾಲ್ಗುಣ" ಎನ್ನುತ್ತಾರೆ. ಹೆಣ್ಣು ಮಗು ಹುಟ್ಟಿದರೂ ಮಾತು ಕೇಳಬೇಕಾದವಳು ಅವಳೇ. ವಂಶವಾಹಿ ವಿಜ್ಞಾನದ ಮೊದಲ ಪಾಠವೇ ಈ ಮಾತನ್ನು ಸುಳ್ಳಾಗಿಸುತ್ತದೆ. ಥಲಸ್ಸೀಮಿಯಾದಲ್ಲಿ ತಂದೆಯ ಪಾಲೂ ತಾಯಿಯ ಪಾಲೂ ಸಮಸಮ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ವರ್ಣತಂತುವಿನ ಮೇಲೆ ನಿಂತಿದೆ.

ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿರುವ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ತನ್ನ ಹೆಂಡತಿ ಕಪ್ಪು ಮಗುವನ್ನು ಹೆತ್ತಳೆಂದು ಒಬ್ಬ ಅರಬ ಸಂಶಯ ತುಂಬಿಕೊಂಡು ಪ್ರವಾದಿವರ್ಯರ(ಸ) ಬಳಿ ಬಂದ. ಅವರು ಅವನ ಒಂಟೆಗಳ ಬಣ್ಣ ವಿಚಾರಿಸಿದರು. ಕೆಂಪು ಒಂಟೆಗಳ ಹಿಂಡಿನಲ್ಲಿ ಬೂದು ಬಣ್ಣದ್ದೂ ಇದೆಯೆಂದು ಅವನೇ ಒಪ್ಪಿಕೊಂಡ. ಹಿಂದಿನ ಯಾವುದೋ ಪೀಳಿಗೆಯ ಎಳೆ ಅದನ್ನು ಸೆಳೆದಿರಬಹುದು ಎಂದೂ ಅವನೇ ಹೇಳಿದ. ನಿನ್ನ ಮಗನ ವಿಷಯವೂ ಹಾಗೆಯೇ ಇರಬಹುದಲ್ಲವೇ ಎಂದು ಅವರು ಅವನ ಸಂಶಯವನ್ನು ನಿವಾರಿಸಿದರು. ಇದನ್ನು ಹಿಡಿದು ಹದೀಸಿನಲ್ಲಿ ಆಧುನಿಕ ವಿಜ್ಞಾನವಿದೆ ಎಂದು ಸಾಧಿಸಲು ನಾನು ಹೊರಟಿಲ್ಲ. ಪೀಳಿಗೆಗಳ ಗುಣ ಅಡಗಿ ಕುಳಿತು ಮತ್ತೆ ಕಾಣಿಸಿಕೊಳ್ಳಬಹುದೆಂಬ ತಿಳಿವು ಅಂದು ಒಬ್ಬ ಹೆಣ್ಣಿನ ಮಾನ ಕಾಯಿತು. ಇಂದೂ ಅದು ಕಾಯಬಲ್ಲದು.

ವಿಕಾಸವಾದದ ಭಯ

ಈಗ ಎರಡನೆಯ ಪ್ರಶ್ನೆ. ಇಂದಿನ ಕೋತಿಯಿಂದ ಮನುಷ್ಯ ಹುಟ್ಟಿದ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸುವುದಿಲ್ಲ. ಜೀವಿಗಳು ಪೀಳಿಗೆಯಿಂದ ಪೀಳಿಗೆಗೆ ಬದಲಾಗುತ್ತವೆ, ಹಿಂದೆ ಹಿಂದೆ ಹೋದಂತೆ ಅವುಗಳ ವಂಶಗಳು ಒಂದಾಗುತ್ತವೆ ಎಂಬುದು ಅಲ್ಲಿನ ಪಾಠ. ಡಿ.ಎನ್.ಎ. ಹೋಲಿಕೆಗಳು ಇದಕ್ಕೆ ಬಲವಾದ ಆಧಾರ ಕೊಟ್ಟಿವೆ; ಇಂದಿನ ಜೀವಶಾಸ್ತ್ರ ನಿಂತಿರುವುದೇ ಇದರ ಮೇಲೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಹಣ್ಣಿನ ನೊಣಗಳ ಎರಡು ಹತ್ತಿರದ ಬಗೆಗಳನ್ನು ಬೆರೆಸಿ, ನೂರಾರು ತಲೆಮಾರು ಸಾಕಿ, ಹೊಸ ವರ್ಣತಂತು ಜೋಡಣೆಯ ತಳಿಗಳು ರೂಪುಗೊಂಡದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ.

ಥಲಸ್ಸೀಮಿಯಾ ಇಷ್ಟೊಂದು ಹರಡಿದ್ದಾದರೂ ಹೇಗೆ? 1949ರಲ್ಲಿ ಇದಕ್ಕೊಂದು ಉತ್ತರ ಸೂಚಿಸಿದವರು ಜೆ.ಬಿ.ಎಸ್. ಹಾಲ್ಡೇನ್, ಮುಂದೆ ಭಾರತದಲ್ಲೇ ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು. ವಾಹಕರನ್ನು ಮಲೇರಿಯಾ ಅಷ್ಟಾಗಿ ಕೊಲ್ಲಲಿಲ್ಲ. ಬದುಕುಳಿದ ಅವರ ಮಕ್ಕಳ ಮೂಲಕ ಆ ವಂಶವಾಹಿ ಮಲೇರಿಯಾ ಇದ್ದ ನಾಡುಗಳಲ್ಲಿ ಹೆಚ್ಚಿತು. ವಿಕಾಸವೆಂದರೆ ಇಂಥದೇ ಬದಲಾವಣೆ. ಇದನ್ನು ತಿಳಿಯದವರಿಗೆ ಆ ಕಾಯಿಲೆಯ ಹರಡುವಿಕೆಯೂ ಅರ್ಥವಾಗದು.

ಮನುಷ್ಯನ ಸೃಷ್ಟಿಯ ಕುರಿತು ಮುಸ್ಲಿಮ್ ವಿದ್ವಾಂಸರಲ್ಲಿ ಒಂದೇ ಅಭಿಪ್ರಾಯವಿಲ್ಲ. ಸಸ್ಯ, ಪ್ರಾಣಿಗಳ ವಿಕಾಸವನ್ನು ಒಪ್ಪಿ ಆದಮ್(ಅ)ರ ಸೃಷ್ಟಿಯನ್ನು ಬೇರೆಯಾಗಿ ಕಾಣುವವರಿದ್ದಾರೆ, ಪೂರ್ತಿ ಒಪ್ಪುವವರೂ ತಿರಸ್ಕರಿಸುವವರೂ ಇದ್ದಾರೆ. ಆದರೆ ಓದದೆ ತಿರಸ್ಕರಿಸುವುದು ನಮ್ಮ ಪರಂಪರೆಯಲ್ಲ. ಇಮಾಮ್ ಗಝ್ಝಾಲಿ ತತ್ವಜ್ಞಾನಿಗಳನ್ನು ಟೀಕಿಸುವ ಮುನ್ನ ಅವರ ವಿದ್ಯೆಯನ್ನು ಆಮೂಲಾಗ್ರ ಓದಿದರು. ಮದ್ರಸಗಳಲ್ಲಿ ಗ್ರೀಕರ ತರ್ಕಶಾಸ್ತ್ರವನ್ನು ಓದಿದ ನಾವು ಈಮಾನ್ ಕಳೆದುಕೊಂಡೆವೇ? ಮಗಳಿಗೆ ಸಂದೇಹ ಬಂದರೆ ಗದರಿಸದೆ ಕೇಳಿಸಿಕೊಳ್ಳುವ ಮನೆ ಬೇಕು. ಅಷ್ಟಿದ್ದರೆ ಅವಳು ತರಗತಿಯಿಂದ ಹೆದರಿ ಓಡಬೇಕಾಗಿಲ್ಲ.

ದೂರ ಮತ್ತು ದುಡಿಮೆ

ದೂರದ ಚಿಂತೆ ಮೊದಲಿನಷ್ಟಿಲ್ಲ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ಮೆಟ್ರೋ ಹಳದಿ ಮಾರ್ಗ ತೆರೆಯಿತು. ಆ ಭಾಗದಲ್ಲೇ ಬಯೋಕಾನ್, ಸಿಂಜಿನ್ ಮುಂತಾದ ಕಂಪೆನಿಗಳಿವೆ, ಜೀನ್ ಪರೀಕ್ಷೆಯ ಪ್ರಯೋಗಾಲಯಗಳೂ ಇವೆ. ಆದರೆ ಪದವಿ ಪಡೆದ ಮರುದಿನವೇ ಸಾಫ್ಟ್‌ವೇರಿನ ಸಂಬಳ ಸಿಗುತ್ತದೆಂದು ನಂಬಿ ಕಳಿಸಬೇಡಿ. ಸಂಶೋಧನೆಯ ದಾರಿ ಉದ್ದ, ತಾಳ್ಮೆ ಬೇಕು. ಸೇರುವ ಮುನ್ನ ಶುಲ್ಕ, ಪ್ರವೇಶ ಪರೀಕ್ಷೆ, ಹಾಸ್ಟೆಲ್, ವಿದ್ಯಾರ್ಥಿವೇತನದ ವಿವರಗಳನ್ನು ತಂದೆ-ತಾಯಿ ಸ್ವತಃ ಹೋಗಿ ವಿಚಾರಿಸಲಿ.

ಇನ್ನೊಂದು ಕೆಲಸವಂತೂ ನಮ್ಮ ಹೆಣ್ಣು ಮಕ್ಕಳನ್ನೇ ಕಾಯುತ್ತಿದೆ. ಪರೀಕ್ಷೆಯ ಫಲಿತಾಂಶವನ್ನು ಕುಟುಂಬಕ್ಕೆ ವಿವರಿಸಿ ಹೇಳುವವರನ್ನು ಅನುವಂಶಿಕ ಸಲಹೆಗಾರರು ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಇಂಗ್ಲಿಷ್ ವರದಿ ಹಿಡಿದು ಕಂಗಾಲಾಗಿ ನಿಂತ ತಾಯಿಗೆ, ಅವಳ ಉರ್ದುವಿನಲ್ಲೋ ಬ್ಯಾರಿಯಲ್ಲೋ ಕನ್ನಡದಲ್ಲೋ "ಇದು ನಿಮ್ಮ ತಪ್ಪಲ್ಲ, ಮುಂದಿನ ದಾರಿ ಹೀಗಿದೆ" ಎಂದು ಹೇಳಬಲ್ಲವರು ಎಷ್ಟು ಮಂದಿ ಇದ್ದಾರೆ? ಅತ್ತೆ, ನಾನಿಯರನ್ನು ಕೂರಿಸಿಕೊಂಡು ಸಂಬಂಧ ಕುದುರಿಸುವ ಮೊದಲೇ ರಕ್ತಪರೀಕ್ಷೆ ಏಕೆ ಬೇಕೆಂದು ನಯವಾಗಿ ತಿಳಿಸಲು ಹೊರಗಿನವರಿಗೆ ಸಾಧ್ಯವೇ? ನಮ್ಮ ಮನೆಯ ರೀತಿ-ರಿವಾಜು ಬಲ್ಲ ಮಗಳಿಗೆ ಅದು ಸಾಧ್ಯ.

ಈ ವರ್ಷ ನಿಮ್ಮ ಮಗಳು ಈ ಮಾತು ಎತ್ತಿದರೆ ಅವಳನ್ನು ಕೂರಿಸಿಕೊಂಡು ಏನು ಓದುತ್ತೀ, ಎಲ್ಲಿ ಓದುತ್ತೀ ಎಂದು ಕೇಳಿ. ಮನೆಯಲ್ಲಿ ನಿಕಾಹ್‌ನ ಮಾತುಕತೆ ನಡೆಯುತ್ತಿದ್ದರೆ ಹುಡುಗ-ಹುಡುಗಿ ಇಬ್ಬರ ಥಲಸ್ಸೀಮಿಯಾ ಪರೀಕ್ಷೆಯನ್ನೂ ಮಾಡಿಸಿ. ಮಹ್ರ್ ಎಷ್ಟೆಂದು ಮುಂಚಿತವಾಗಿ ಕೇಳಲು ನಾಚದ ನಾವು, ಹುಟ್ಟಲಿರುವ ಮಗುವಿನ ಆರೋಗ್ಯದ ವಿಷಯ ಕೇಳಲು ನಾಚಬೇಕಾಗಿಲ್ಲ.