ತಾಯಿಗಲ್ಲೂ ಹೊಲದ ಮಣ್ಣೂ

ಹೊಸದಾಗಿ ಬಾವಿಯನ್ನು ತೋಡಿಸುವ ರೈತನ ಗಮನವೆಲ್ಲವೂ ನೀರಿನ ಕಡೆಗೇ ಇರುವುದು ಸಹಜವು. ಆದರೆ ತೋಡಿದ ಬಾವಿಯ ಪಕ್ಕಗಳನ್ನು ಸ್ವಲ್ಪ ನಿಂತು ನೋಡಿದರೆ ಬೇರೊಂದು ಸಂಗತಿಯೂ ಕಂಡುಬರುವುದು. ಮೇಲ್ಗಡೆ ಬೇರುಗಳು ಹರಡಿರುವ ಒಂದೆರಡು ಅಡಿಗಳ ಮಣ್ಣು. ಅದರ ಕೆಳಗೆ ಬಿಗಿಯಾದ ಜೇಡಿ. ಮತ್ತೂ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಗರಸು. ಕಟ್ಟಕಡೆಗೆ ಸಿಡಿಮದ್ದಿಗಲ್ಲದೆ ಒಡೆಯದ ಬಂಡೆ. ಎಷ್ಟೋ ಕಡೆಗಳಲ್ಲಿ ಇವು ಬೇರೆ ಬೇರೆ ವಸ್ತುಗಳಲ್ಲ. ಕೆಳಗಿನ ಬಂಡೆಯೇ ಬಹುಕಾಲದಲ್ಲಿ ಮೇಲಿನ ಮಣ್ಣಾಗಿರುವುದು. ಆದಕಾರಣ ತನ್ನ ಹೊಲದ ಗುಣವನ್ನು ಅರಿಯಬೇಕೆನ್ನುವವನು ಅದರ ತಾಯಿಗಲ್ಲನ್ನೂ ಅರಿಯತಕ್ಕದ್ದು.

ಶಿಲೆಗಳ ಮೂರು ಬಗೆ

ಭೂಮಿಯೊಳಗಿನ ಕರಗಿದ ಶಿಲಾರಸವು ಆರಿ ಗಟ್ಟಿಯಾದರೆ ಅಗ್ನಿಶಿಲೆಯೆನಿಸುವುದು. ಆಳದಲ್ಲಿ ಮೆಲ್ಲನೆ ಆರಿದ ಗ್ರಾನೈಟಿನಲ್ಲಿ ಹರಳುಗಳು ಕಣ್ಣಿಗೆ ಕಾಣುವಷ್ಟು ದಪ್ಪವಾಗಿರುವುವು. ನೆಲದ ಮೇಲಕ್ಕೆ ಉಕ್ಕಿ ಬೇಗನೆ ಆರಿದ ಬೆಸಾಲ್ಟ್ ಎಂಬ ಕರಿಗಲ್ಲಿನಲ್ಲಿ ಅವು ಬಹು ಸಣ್ಣವು. ನೀರು ಕೊಚ್ಚಿ ತಂದ ಮರಳು ಗೋಡುಗಳೂ, ನೀರಿನಲ್ಲಿ ಕರಗಿದ್ದು ತಳಕ್ಕೆ ಇಳಿದ ಸುಣ್ಣವೂ ಪದರ ಪದರವಾಗಿ ನಿಂತು ಗಟ್ಟಿಯಾದರೆ ಜಲಜಶಿಲೆಯಾಗುವುದು. ಬಾದಾಮಿಯ ಗುಹಾಲಯಗಳನ್ನು ಕೊರೆದಿರುವ ಮರಳುಗಲ್ಲೂ, ಮನೆಗಳ ನೆಲಕ್ಕೆ ಹಾಸುವ ಶಹಾಬಾದಿನ ಸುಣ್ಣಕಲ್ಲೂ ಈ ಜಾತಿಯವು. ಈ ಎರಡು ಬಗೆಯ ಶಿಲೆಗಳು ಆಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ ಮಾರ್ಪಟ್ಟರೆ ರೂಪಾಂತರಶಿಲೆಗಳಾಗುವುವು. ಬೆಂಗಳೂರು ಲಾಲ್‌ಬಾಗಿನ ಗುಡ್ಡದಲ್ಲಿರುವ ನೈಸ್ ಎಂಬ ಪಟ್ಟೆಗಲ್ಲು ಇದಕ್ಕೆ ಉದಾಹರಣೆ. ಈ ಜಾತಿಯ ಶಿಲೆಗೆ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್ ಅವರು ೧೯೧೬ರಲ್ಲಿ ಪರ್ಯಾಯದ್ವೀಪದ ನೈಸ್ ಎಂದು ಹೆಸರಿಟ್ಟರು. ೧೯೭೫ರಲ್ಲಿ ಆ ಗುಡ್ಡವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಯಿತು.

ಕಾಲದ ಅಳತೆ

ಭೂಮಿಯ ವಯಸ್ಸು ಸುಮಾರು ೪೫೪ ಕೋಟಿ ವರ್ಷಗಳು. ಇಷ್ಟು ದೊಡ್ಡ ಲೆಕ್ಕವು ಮನಸ್ಸಿಗೆ ನಿಲುಕಬೇಕಾದರೆ ಅದನ್ನು ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗಿನ ಒಂದೇ ವರ್ಷವೆಂದು ಭಾವಿಸಬಹುದು. ಆಗ ಸುಮಾರು ೩೦೦ ಕೋಟಿ ವರ್ಷಗಳ ಲಾಲ್‌ಬಾಗಿನ ಬಂಡೆಯು ಶ್ರಾವಣಮಾಸದ ಮೊದಲಲ್ಲಿಯೂ, ಸುಮಾರು ೨೫೦ ಕೋಟಿ ವರ್ಷಗಳ ರಾಮನಗರದ ಗ್ರಾನೈಟ್ ಬೆಟ್ಟಗಳು ಭಾದ್ರಪದದಲ್ಲಿಯೂ ಹುಟ್ಟಿದುವೆಂದಾಗುವುದು. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖ್ಖನದ ನೆಲವು ಬಿರಿದು ಶಿಲಾರಸವು ಪ್ರವಾಹ ಪ್ರವಾಹವಾಗಿ ಹರಿದು, ವಿಜಯಪುರ, ಬೀದರ ಮೊದಲಾದ ಸೀಮೆಗಳ ಕರಿಗಲ್ಲು ಉಂಟಾದುದು ಫಾಲ್ಗುಣವು ಮುಗಿಯಲು ಐದು ದಿನಗಳಿರುವಾಗ. ಮನುಷ್ಯನು ಬೇಸಾಯವನ್ನು ಕಲಿತು ಸುಮಾರು ೧೦,೦೦೦ ವರ್ಷಗಳಾದುವು. ಈ ಲೆಕ್ಕದಲ್ಲಿ ಅದು ವರ್ಷದ ಕಟ್ಟಕಡೆಯ ಒಂದು ನಿಮಿಷಕ್ಕೆ ತುಸು ಹೆಚ್ಚು, ಅಷ್ಟೆ.

ಕಲ್ಲು ಮಣ್ಣಾಗುವ ಬಗೆ

ಬಂಡೆಯು ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗಿ ಬಿರುಕು ಬಿಡುವುದು. ಗಾಳಿಯಲ್ಲಿನ ಅಂಗಾರಾಮ್ಲವನ್ನು ಕೂಡಿಕೊಂಡ ಮಳೆಯ ನೀರು ಆ ಬಿರುಕುಗಳಲ್ಲಿ ಇಳಿದು ಕಲ್ಲನ್ನು ಕೊರೆಯುವುದು. ಗಿಡಮರಗಳ ಬೇರುಗಳು ಅದನ್ನು ಸೀಳುವುವು. ಗ್ರಾನೈಟ್ ಮತ್ತು ನೈಸ್‌ಗಳಲ್ಲಿರುವ ಬೆಣಚು ಕರಗದೆ ಮರಳಾಗಿ ಉಳಿಯುವುದು. ಫೆಲ್ಡ್‌ಸ್ಪಾರ್ ಎಂಬ ಖನಿಜವು ಜೇಡಿಯಾಗುವುದು. ಕಬ್ಬಿಣದ ಅಂಶವು ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣವನ್ನು ಕೊಡುವುದು. ದಕ್ಷಿಣ ಕರ್ನಾಟಕದ ರಾಗಿಯ ಹೊಲಗಳ ಕೆಮ್ಮಣ್ಣು ಹೀಗೆ ಆದುದು. ಅದರಲ್ಲಿ ನೀರು ಸುಲಭವಾಗಿ ಇಂಗುವುದು, ಬೇಗನೆ ಆರಿಯೂ ಹೋಗುವುದು.

ಕರಿಗಲ್ಲಿನಲ್ಲಿ ಬೆಣಚು ಇಲ್ಲವೆನ್ನುವಷ್ಟು ಕಡಿಮೆ. ಸುಣ್ಣ, ಮೆಗ್ನೀಷಿಯ, ಕಬ್ಬಿಣಗಳು ಹೆಚ್ಚು. ಆದುದರಿಂದ ಅದು ಸವೆದರೆ ಜಿಗುಟಾದ ಎರೆಮಣ್ಣಾಗುವುದು. ಎರೆಯು ತೇವಕ್ಕೆ ಉಬ್ಬಿ, ಬೇಸಗೆಯಲ್ಲಿ ಬಾಯಿಬಿಡುವುದು. ಮಳೆಗಾಲದ ನೀರನ್ನು ಹಿಡಿದಿಟ್ಟು ಹಿಂಗಾರಿನ ಬಿಳಿಜೋಳವನ್ನು ಬೆಳೆಯಿಸುವುದು. ಆದರೆ ಕಪ್ಪುಮಣ್ಣೆಲ್ಲವೂ ಕರಿಗಲ್ಲಿನಿಂದಲೇ ಆದುದೆಂದು ತಿಳಿಯಕೂಡದು. ನೈಸ್ ನೆಲದಲ್ಲಿಯೂ ನೀರು ನಿಲ್ಲುವ ತಗ್ಗುಗಳಲ್ಲಿ ಎರೆಯುಂಟು. ಮಳೆ ಅತಿಯಾದ ಕರಾವಳಿ ಮಲೆನಾಡುಗಳಲ್ಲಿ ಸುಣ್ಣ ಮೊದಲಾದ ಸಾರಗಳು ತೊಳೆದುಹೋಗಿ, ಕಬ್ಬಿಣ ಅಲ್ಯೂಮಿನಿಯಂಗಳ ಅಂಶವೇ ಉಳಿದು ಮುರಕಲ್ಲಿನ ನೆಲವಾಗಿದೆ. ಅಂತಹ ಮಣ್ಣು ಹುಳಿಯಾಗಿರುವುದರಿಂದ, ಪರೀಕ್ಷೆ ಮಾಡಿಸಿ ಸುಣ್ಣವನ್ನು ಹಾಕುವುದು ಹಿತಕರವು.

ರೈತರು ಗಮನಿಸತಕ್ಕ ಅಂಶ

ಗಟ್ಟಿಯಾದ ಬಂಡೆಯಿಂದ ಒಂದು ಅಂಗುಲ ಮಣ್ಣು ಉಂಟಾಗಬೇಕಾದರೆ ನೂರಾರು ವರ್ಷಗಳು ಬೇಕು, ಕೆಲವೆಡೆ ಸಾವಿರ ವರ್ಷಗಳೂ ಸಾಲವು. ಬದುವಿಲ್ಲದ ಇಳಿಜಾರಿನ ಹೊಲದಲ್ಲಿ ಅಷ್ಟು ಮಣ್ಣು ಕೊಚ್ಚಿಹೋಗುವುದಕ್ಕೆ ಒಂದು ತಲೆಮಾರೇ ಸಾಕು. ಹೋದ ಗೊಬ್ಬರವನ್ನು ಮರುವರ್ಷ ತಂದು ಹಾಕಬಹುದು; ಹೋದ ಮಣ್ಣನ್ನು ಮೊಮ್ಮಕ್ಕಳ ಕಾಲಕ್ಕೂ ಬಂಡೆಯು ತುಂಬಿಕೊಡಲಾರದು. ಆದಕಾರಣ ಇಳಿಜಾರಿಗೆ ಅಡ್ಡಲಾಗಿ ಉಳುವುದು, ಸಮಪಾತಳಿಯಲ್ಲಿ ಬದುಗಳನ್ನು ಹಾಕುವುದು, ಬದುಗಳ ಮೇಲೆ ಹುಲ್ಲನ್ನು ಬೆಳೆಯಿಸುವುದು, ಕೆರೆಯಲ್ಲಿ ನಿಂತ ಗೋಡನ್ನು ಬೇಸಗೆಯಲ್ಲಿ ಹೊಲಕ್ಕೆ ಹಿಂದಕ್ಕೆ ಹೊಡೆಯುವುದು, ಇವುಗಳನ್ನು ರೈತರು ತಪ್ಪದೆ ಆಚರಿಸತಕ್ಕದ್ದು. ಮುಂಗಾರಿಗೆ ಮೊದಲೇ ಬದುಗಳನ್ನು ನೋಡಿ, ಒಡೆದಿರುವ ಕಡೆಗಳಲ್ಲಿ ಸರಿಪಡಿಸಿಕೊಳ್ಳುವುದು ಉತ್ತಮವು.